ದೊಡ್ಡಮುನಿಯಪ್ಪನ ಟ್ರ್ಯಾಕ್ಟರ್‌ಗೆ ಹೊಸ ವೈರು

ಮಾಕಳಿಯ ದೊಡ್ಡಮುನಿಯಪ್ಪನಿಗೆ ಬೆಳಗಿನ ಮಂಜೆಂದರೆ ಪ್ರಾಣ. ಮಂಜು ಇಳಿದಾಗ ಸುತ್ತಲಿನ ಫ್ಯಾಕ್ಟರಿಗಳೆಲ್ಲ ಮಾಯ. ಅವನಿಗೆ ಉಳಿದಿದ್ದ ಎರಡೆಕರೆ ಹೊಲವೇ ಊರಗಲ ಹರಡಿಕೊಂಡಂತೆ ಕಾಣುತ್ತಿತ್ತು. ಆಗ ಅಪ್ಪನ ಕಾಲದ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುವುದೆಂದರೆ ಅವನಿಗೆ ಕನಸಿನೊಳಗೆ ತೇಲಿದ ಹಾಗೆ.

ಆದರೆ ಎರಡು ವರ್ಷದಿಂದ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗುತ್ತಿರಲಿಲ್ಲ. ಅವನು ದೊಡ್ಡ ಚಕ್ರದ ಮುಂದೆ ನೆಲದ ಮೇಲೆ ನಿಂತು, ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸೊಲೆನಾಯ್ಡ್ ಎಂಬ ಸ್ವಿಚ್ಚಿನ ಎರಡು ಬೋಲ್ಟ್‌ಗಳಿಗೆ ಸ್ಕ್ರೂಡ್ರೈವರ್ ತಾಗಿಸುತ್ತಿದ್ದ. ಕಿಡಿ ಹಾರಿ ಇಂಜಿನ್ ಶುರುವಾಗುತ್ತಿತ್ತು.

ಅವನ ವಠಾರದಲ್ಲಿ ಬಾಡಿಗೆಗಿದ್ದ ಶೇಖವ್ವ ಪೀಣ್ಯದ ಫ್ಯಾಕ್ಟರಿಯಲ್ಲಿ ಸ್ಟಾರ್ಟರ್ ಜೋಡಿಸುವ ಕೆಲಸದವಳು.

"ಅಣ್ಣಾರ, ಹಂಗ ಮಾಡಬ್ಯಾಡ್ರಿ. ಗೇರ್ ಬಿದ್ದಿದ್ರ ಗಾಡಿ ನಿಮ್ಮ ಮ್ಯಾಲೇ ಬರ್ತೈತಿ," ಅಂದಿದ್ದಳು.

"ಎರಡು ವರ್ಸದಿಂದ ಇಂಗೇ ಮಾಡ್ತಿವ್ನಿ ಕಣಮ್ಮ. ಏನಾಯ್ತು?" ಅಂದು ಅವನು ನಕ್ಕಿದ್ದ.

ಒಂದು ಭಾನುವಾರ ಬೆಳಗ್ಗೆ ಮಂಜು ನೋಡುತ್ತಾ ಅವನ ಮನಸ್ಸು ಎಲ್ಲೋ ಹೋಗಿತ್ತು. ಗೇರ್ ಬಿದ್ದಿರುವುದನ್ನು ನೋಡದೆ ಸ್ಕ್ರೂಡ್ರೈವರ್ ತಾಗಿಸಿದ. ಟ್ರ್ಯಾಕ್ಟರ್ ಮುಂದಕ್ಕೆ ಜಿಗಿಯಿತು. ಆ ಗಳಿಗೆ ಅವನಿಗೆ ಎಲ್ಲವೂ ನೀರಿನೊಳಗೆ ನಡೆದಂತೆ ನಿಧಾನವಾಗಿ ಕಂಡಿತು. ಟೀ ತಂದಿದ್ದ ಹೆಂಡತಿ ಲಕ್ಷ್ಮಮ್ಮ ಲೋಟ ಬಿಸಾಕಿ ಅವನ ತೋಳು ಹಿಡಿದೆಳೆದಳು. ಇಬ್ಬರೂ ಮಣ್ಣಿಗೆ ಬಿದ್ದರು. ಚಕ್ರ ಅವನ ಚಪ್ಪಲಿಯನ್ನು ಅರೆದುಕೊಂಡು ಹೋಯಿತು. ಗಾಡಿ ಕಾಂಪೌಂಡ್ ಗೋಡೆಗೆ ಗುದ್ದಿ ನಿಂತಿತು. ಲಕ್ಷ್ಮಮ್ಮ ಅವನ ಪಾದವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಅವನೇ ಹೋಗಿ ಶೇಖವ್ವನ ಬಾಗಿಲು ತಟ್ಟಿದ. "ನೀ ಹೇಳಿದಂಗೇ ಆಯ್ತು ಕಣವ್ವ. ಸರಿ ಮಾಡಿಕೊಡ್ತೀಯಾ?"

ಶೇಖವ್ವ ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿದಳು. "ಇದನ್ನ ಬಿಚ್ಚದೇ ಸ್ಟಾರ್ಟರ್ ಮುಟ್ಟಬಾರದ್ರಿ." ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರು ಕಿಲುಬು ಹಿಡಿದು ತುಂಡಾಗಿತ್ತು. "ಕೀ ತಿರುವಿದಾಗ ಕರೆಂಟ್ ಇದರಾಗ ಬರ್ತೈತ್ರಿ. ನಡುವ ಸೇಫ್ಟಿ ಸ್ವಿಚ್ ಐತಿ. ಗೇರ್ ಬಿದ್ದಿದ್ರ ಅದು ಸ್ಟಾರ್ಟ್ ಆಗಾಕ ಬಿಡೂದಿಲ್ಲ. ನೀವು ಸ್ಕ್ರೂಡ್ರೈವರ್ ಇಟ್ರ ಇದ್ಯಾವುದೂ ಲೆಕ್ಕಕ್ಕಿಲ್ಲ."

ಕೀಯಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ಸೊಲೆನಾಯ್ಡ್‌ಗೆ ಹೊಸ ವೈರು ಎಳೆದಳು. ಬೋಲ್ಟ್‌ಗಳಿಗೆ ರಬ್ಬರ್ ಟೊಪ್ಪಿ ಹಾಕಿದಳು. ಕೊನೆಗೆ ಮೈನಸ್ ವೈರು ಜೋಡಿಸಿದಳು.

"ಹತ್ತಿ ಕುಂದರ್ರಿ. ಕ್ಲಚ್, ಬ್ರೇಕ್ ಒತ್ತಿ ಹಿಡದು, ಗೇರ್ ಹಾಕೇ ಕೀ ತಿರುವ್ರಿ. ಸೇಫ್ಟಿ ಸ್ವಿಚ್ ತಡೀತೈತೇನ ನೋಡೂಣು."

ಇಂಜಿನ್ ಮಿಸುಕಲಿಲ್ಲ. ನ್ಯೂಟ್ರಲ್‌ಗೆ ತಂದು ತಿರುಗಿಸಿದ. ಇಂಜಿನ್ ಗುಡುಗುಡು ಅಂದಿತು. ಸೀಟಿನ ಮೇಲೆ ಕೂತು ಕೀಯಿಂದ ಗಾಡಿ ಶುರುಮಾಡಿ ಎರಡು ವರ್ಷವೇ ಆಗಿತ್ತು. ದೊಡ್ಡಮುನಿಯಪ್ಪ ಸ್ಟೇರಿಂಗ್ ಸವರಿದ. ಲಕ್ಷ್ಮಮ್ಮ ಅವನ ಸ್ಕ್ರೂಡ್ರೈವರ್ ಎತ್ತಿಕೊಂಡು ಒಳಗೆ ಹೋದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಟ್ರ್ಯಾಕ್ಟರನ್ನು ನೆಲದ ಮೇಲೆ ನಿಂತು ಸ್ಟಾರ್ಟ್ ಮಾಡುತ್ತಿದ್ದೀರಾ? ಇವತ್ತೇ ನಿಲ್ಲಿಸಿ. ಕೆಲಸ ಬಲ್ಲವರನ್ನು ಕರೆದು ವೈರಿಂಗ್ ಸರಿ ಮಾಡಿಸಿ. ಸೀಟಿನ ಮೇಲೆ ಕೂತು, ನ್ಯೂಟ್ರಲ್ ನೋಡಿಕೊಂಡು, ಕೀಯಿಂದಲೇ ಸ್ಟಾರ್ಟ್ ಮಾಡಿ. ತೋಳು ಹಿಡಿದೆಳೆಯಲು ಪ್ರತಿ ಸಲವೂ ಯಾರಾದರೂ ಪಕ್ಕದಲ್ಲಿರುವುದಿಲ್ಲ.