ಎರವಲು ಬಂದ ಗೋಲ್‌ಕೀಪರ್

ತಂಡದ ಹುಡುಗಿಯರು ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಗೋಲು ಕಾಯುತ್ತಾ, ಮುಂದೆ ನಿಂತವರನ್ನೆಲ್ಲ ಒಂದೇ ಸಮನೆ ಬೈಯುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು. ವಯಸ್ಸು ನಲವತ್ತರ ಹತ್ತಿರ. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ಫುಟ್‌ಬಾಲ್. ಆ ವರ್ಷ ಮಾತ್ರ ಅವಳು ಆಡಿದ್ದಕ್ಕಿಂತ ಬೆಂಚಿನ ಮೇಲೆ ಕೂತಿದ್ದೇ ಹೆಚ್ಚು. ಯಾಕೆಂದರೆ ಗೋಲಿನಲ್ಲಿ ಗೋಡೆ ಇದ್ದಳು.

ಗೋಡೆ ಎಂದರೆ ಇಪ್ಪತ್ತು ದಾಟಿದ ಒಬ್ಬ ಉದ್ದನೆಯ ಹುಡುಗಿ. ಚೆಂಡು ಅವಳನ್ನು ದಾಟಿ ಹೋಗುವುದೇ ಅಪರೂಪ. ಆದರೆ ಅವಳು ಈ ತಂಡದ ಸ್ವಂತ ಆಟಗಾರ್ತಿಯಲ್ಲ. ಲೀಗಿನ ಅತಿ ಶ್ರೀಮಂತ ಕ್ಲಬ್ ಅವಳನ್ನು ಕೊಂಡುಕೊಂಡಿತ್ತು. ಅಲ್ಲಿ ಆಗಲೇ ಮೂವರು ಗೋಲ್‌ಕೀಪರುಗಳಿದ್ದುದರಿಂದ ಒಂದು ವರ್ಷದ ಮಟ್ಟಿಗೆ ಇಲ್ಲಿಗೆ ಎರವಲು ಕೊಟ್ಟಿತ್ತು. ಲೀಗಿನ ನಿಯಮದಂತೆ ಕರಾರಿನಲ್ಲಿ ಒಂದು ಷರತ್ತಿತ್ತು: ಕೊಟ್ಟ ಕ್ಲಬ್ಬಿನ ವಿರುದ್ಧ ಅವಳು ಆಡುವಂತಿಲ್ಲ. ಆಡಿಸಲೇಬೇಕೆಂದರೆ ಶುಲ್ಕ ಕಟ್ಟಬೇಕು. ಆ ಶುಲ್ಕದಲ್ಲಿ ಈ ಇಡೀ ತಂಡಕ್ಕೆ ವರ್ಷವೆಲ್ಲ ಸಂಬಳ ಕೊಡಬಹುದಿತ್ತು.

ಕೊನೆಯ ಪಂದ್ಯ ಬಂದದ್ದು ಆ ಕ್ಲಬ್ಬಿನ ಜೊತೆಗೇ. ಡ್ರಾ ಆದರೂ ಸಾಕು, ಮೊದಲ ದರ್ಜೆಯಲ್ಲಿ ಉಳಿಯುತ್ತಿದ್ದರು. ಸೋತರೆ ಕೆಳಗಿನ ದರ್ಜೆಗೆ.

ಪಂದ್ಯಕ್ಕೆ ಮೊದಲು ಒಂದು ಮಧ್ಯಾಹ್ನ ಗೋಡೆ ಕನ್ನಡಕದ ಅಂಗಡಿಗೆ ಬಂದಳು. ಅತ್ತೆ ಒಂದು ಫ್ರೇಮಿನ ಸಣ್ಣ ಸ್ಕ್ರೂ ಬಿಗಿಯುತ್ತಿದ್ದಳು.

"ಏನೇ, ಕಣ್ಣು ಮಂಜಾಯ್ತಾ?"

"ತಮಾಷೆ ಮಾಡ್ಬೇಡಿ ಅತ್ತೆ. ಆ ಕ್ಲಬ್ಬಿನ ಸಹಾಯಕ ಕೋಚ್ ಫೋನ್ ಮಾಡಿದ್ರು. ಚೆಂಡು ಯಾವ ಕಡೆ ಬಂದ್ರೆ ನಿಮಗೆ ಹಿಡಿಯೋಕೆ ಕಷ್ಟ ಅಂತ ಕೇಳಿದ್ರು."

ಅತ್ತೆ ತಲೆ ಎತ್ತಲಿಲ್ಲ. "ನೀನೇನಂದೆ?"

"ಸರಿಯಾಗಿ ಕೇಳಿಸ್ತಿಲ್ಲ ಅಂದು ಫೋನ್ ಇಟ್ಬಿಟ್ಟೆ. ಮತ್ತೆ ಮಾಡ್ತಾರೆ. ಮುಂದಿನ ವರ್ಷದ ಕರಾರಿನ ಮಾತೂ ತೆಗೆದ್ರು."

ಗೋಡೆಯ ಅಪ್ಪ ಬೆನ್ನುನೋವಿನಿಂದ ಕೆಲಸ ಬಿಟ್ಟಿದ್ದರು. ತಮ್ಮ ಇನ್ನೂ ಓದುತ್ತಿದ್ದ. ಮನೆ ನಡೆಯುತ್ತಿದ್ದುದು ಇವಳ ಸಂಬಳದಿಂದ. ಅದೆಲ್ಲ ಅತ್ತೆಗೆ ಗೊತ್ತಿತ್ತು.

"ಹೇಳಿಬಿಡು. ಎಡಗೈ ಭುಜದ ಮೇಲೆ ಏಳಲ್ಲ ಅಂತ ಹೇಳು."

"ಅಯ್ಯೋ, ಅದು ನಿಜ ಅಲ್ವಾ!"

"ನಿಜಾನೇ ಹೇಳು. ಅರ್ಧ ಗಂಟೆ ನನ್ನ ಆಟ ನೋಡಿದವರಿಗೆಲ್ಲ ಗೊತ್ತಾಗತ್ತೆ. ನನಗೆ ಈ ಅಂಗಡಿ ಇದೆ, ನಿನಗೇನಿದೆ? ಹೋಗು, ಗಿರಾಕಿ ಬಂದ್ರು."

ಮತ್ತೆ ಫೋನ್ ಬಂದಾಗ ಗೋಡೆ ಹೇಳಿದಳು. ಹೇಳಿ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪಂದ್ಯದ ದಿನ ಅವಳು ಪ್ರೇಕ್ಷಕರ ನಡುವೆ, ಅತ್ತೆಯ ಗಂಡನ ಪಕ್ಕ ಕೂತಳು. ಚೆಂಡು ಮೇಲಿಂದ ಮೇಲೆ ಅತ್ತೆಯ ಎಡಕ್ಕೇ, ಎತ್ತರದಲ್ಲೇ ಬಂತು. ಅಲ್ಲಿಗೇ ಬರುತ್ತದೆಂದು ತಿಳಿದಿದ್ದ ಅತ್ತೆ ಎಡಕ್ಕೆ ಸರಿದೇ ನಿಂತಿದ್ದಳು. ಬಲಗೈ ಮುಷ್ಟಿಯಲ್ಲಿ ಗುದ್ದಿದಳು, ಹಣೆಯಿಂದ ತಳ್ಳಿದಳು, ಒಮ್ಮೆ ಮುಖಕ್ಕೇ ಹೊಡೆಸಿಕೊಂಡಳು. ಮೂಗಿನಿಂದ ರಕ್ತ ಸುರಿಯಿತು.

"ಇವಳು ಮನೇಲಿ ಒಂದು ಡಬ್ಬಿ ಮೇಲಿಂದ ಇಳಿಸೋಕೂ ನನ್ನನ್ನೇ ಕೂಗ್ತಾಳೆ," ಎಂದರು ಗಂಡ. ಗೋಡೆಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಉಳಿದಾಗ ಶ್ರೀಮಂತ ಕ್ಲಬ್ ಒಟ್ಟಿಗೇ ಮೂವರನ್ನು ಬದಲಾಯಿಸಿತು. ಬೆಂಚಿನಿಂದ ಎದ್ದು ಬಂದ ಆ ಮೂವರಲ್ಲಿ ಯಾರೇ ಆಗಲಿ ಈ ತಂಡಕ್ಕೆ ನಾಯಕಿಯಾಗಬಲ್ಲವರು. ಇತ್ತ ಅತ್ತೆಯ ತಂಡದ ಬೆಂಚಿನಲ್ಲಿದ್ದವರು ಇಬ್ಬರೇ, ಅವರಲ್ಲೊಬ್ಬಳು ಕುಂಟುತ್ತಿದ್ದಳು. ಹೊಸದಾಗಿ ಬಂದವಳೊಬ್ಬಳು ದಣಿದಿದ್ದ ಇಬ್ಬರನ್ನು ಸುಲಭವಾಗಿ ದಾಟಿ, ಎಡಗಡೆಯ ಎತ್ತರದ ಗೊಡವೆಗೇ ಹೋಗದೆ, ಅತ್ತೆಯ ಬಲಗಾಲಿನ ಪಕ್ಕದಲ್ಲಿ ನೆಲಮಟ್ಟಕ್ಕೆ ಒದ್ದಳು. ಗೋಲು. ಪಂದ್ಯ ಮುಗಿಯಿತು. ತಂಡ ಕೆಳಗಿಳಿಯಿತು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಗೋಡೆ ಅತ್ತೆಯ ಬೂಟಿನ ಲೇಸು ಬಿಚ್ಚಿಕೊಟ್ಟಳು.

"ನೀನಾಗಿದ್ರೆ ಅದನ್ನ ಹಿಡೀತಿದ್ದೆ," ಎಂದಳು ಅತ್ತೆ.

"ಹೌದು," ಎಂದಳು ಗೋಡೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಮುಂದಿನ ತಿಂಗಳು ಎರಡೂ ದರ್ಜೆಯ ಕ್ಲಬ್ಬುಗಳು ಸೇರುವ ಲೀಗಿನ ಸಭೆ ನಡೆಯಿತು. ಮೂಗಿಗೆ ಇನ್ನೂ ಪಟ್ಟಿ ಅಂಟಿಸಿಕೊಂಡೇ ಅತ್ತೆ ತನ್ನ ಕ್ಲಬ್ಬಿನ ಪರವಾಗಿ ಹೋದಳು. ಆ ಷರತ್ತನ್ನು ತೆಗೆಯಬೇಕೆಂದು ಕೇಳಿದಳು.

ಅಧ್ಯಕ್ಷರು ಸಮಾಧಾನದಿಂದಲೇ ಹೇಳಿದರು: "ನಿಯಮ ಎಲ್ಲರಿಗೂ ಒಂದೇ ಅಲ್ವೇನಮ್ಮ? ಯಾವ ಕ್ಲಬ್ ಬೇಕಾದ್ರೂ ಯಾರಿಗೆ ಬೇಕಾದ್ರೂ ಎರವಲು ಕೊಡಬಹುದು."

"ನಾವು ಅವರಿಗೆ ಯಾರನ್ನ ಕೊಡೋಣ ಸಾರ್? ನನ್ನನ್ನಾ?"

ಸಭೆ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಸಣ್ಣ ಕ್ಲಬ್ಬಿನವರೇ ಹೆಚ್ಚು. ಕೈ ಎತ್ತುವಾಗಲೂ ಅವರೇ ಹೆಚ್ಚಾದರು. ಷರತ್ತು ಬಿದ್ದುಹೋಯಿತು.

ಅದರ ಪರಿಣಾಮ ಅತ್ತೆ ಎಣಿಸಿದಂತಾಗಲಿಲ್ಲ. ತಮ್ಮ ವಿರುದ್ಧವೇ ಆಡಬಹುದಾದವರನ್ನು ಯಾಕೆ ಕೊಡಬೇಕೆಂದು ದೊಡ್ಡ ಕ್ಲಬ್ಬುಗಳು ಎರವಲು ಕೊಡುವುದನ್ನೇ ನಿಲ್ಲಿಸಿದವು. ಹೊಸ ಕರಾರಿಗೆ ಸಹಿ ಹಾಕಿದ್ದ ಗೋಡೆ ಶ್ರೀಮಂತ ಕ್ಲಬ್ಬಿನಲ್ಲಿ ನಾಲ್ಕನೆಯ ಗೋಲ್‌ಕೀಪರಾಗಿ ಬೆಂಚಿನ ಮೇಲೆ ಕೂತಳು. ಸಂಬಳ ಬರುತ್ತಿತ್ತು, ಆಟ ಇರಲಿಲ್ಲ.

"ನಾನೇ ನಿನ್ನ ಹೊಟ್ಟೆ ಮೇಲೆ ಹೊಡೆದೆ ಕಣೇ," ಎಂದು ಅತ್ತೆ ಫೋನಿನಲ್ಲಿ ಒದ್ದಾಡಿದಳು.

"ಹೊಟ್ಟೆ ತುಂಬ್ತಿದೆ ಅತ್ತೆ. ಕೈಗೇ ಕೆಲಸ ಇಲ್ಲ."

ವರ್ಷದ ನಡುವೆ ಗೋಡೆ ತಾನಾಗಿಯೇ ಕರಾರು ಬಿಡಿಸಿಕೊಂಡಳು. ನಾಲ್ಕನೆಯವಳು ಹೋದರೆ ಆ ಕ್ಲಬ್ಬಿಗೇನೂ ನಷ್ಟವಿರಲಿಲ್ಲ. ಎರಡನೇ ದರ್ಜೆಯ ಹಳೆಯ ತಂಡಕ್ಕೆ, ಅರ್ಧ ಸಂಬಳಕ್ಕೆ ವಾಪಸು ಬಂದಳು. ಅತ್ತೆ ಬಾಯಿಗೆ ಬಂದಂತೆ ಬೈದಳು. ಅಪ್ಪ ಮಾತು ಬಿಟ್ಟರು. ತಮ್ಮ ಮಾತ್ರ ಸಂಜೆ ಹೊತ್ತು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡು, "ನೀನು ಆಡು ಅಕ್ಕಾ," ಎಂದ.

ಆ ವರ್ಷ ತಂಡ ಮೂರನೆಯ ಸ್ಥಾನಕ್ಕೆ ಬಂತು. ಮೇಲಕ್ಕೆ ಹೋಗಲು ಎರಡರೊಳಗೆ ಬರಬೇಕಿತ್ತು. ಕೊನೆಯ ಪಂದ್ಯದ ಮರುದಿನ ಸಂಜೆ ಮೈದಾನಕ್ಕೆ ಬಂದವಳು ಗೋಡೆ ಒಬ್ಬಳೇ. ಸ್ವಲ್ಪ ಹೊತ್ತಿಗೆ ಅಂಗಡಿ ಮುಗಿಸಿಕೊಂಡು ಅತ್ತೆ ಚೆಂಡುಗಳ ಚೀಲ ಹೊತ್ತು ಬಂದಳು. "ಹೋಗು, ಗೋಲಿನಲ್ಲಿ ನಿಲ್ಲು. ಮುಂದಿನ ವರ್ಷಕ್ಕೆ ಇವತ್ತಿಂದಲೇ," ಎಂದಳು.