ಕೋಟು ಇನ್ನೂ ಟುಸ್ಕಿ

ನನ್ನ ಗಂಡ ಬಾಯಿ ಬಿಟ್ಟರೆ ಅಚ್ಚಾದ ಪುಸ್ತಕ ಓದಿದ ಹಾಗಿರುತ್ತದೆ. ಮದುವೆಗೆ ಮುಂಚೆ ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಬೇರೆಯವರ ತಪ್ಪು ಹುಡುಕಿ ಹುಡುಕಿ ಅವರ ನಾಲಿಗೆಗೂ ಇಸ್ತ್ರಿ ಬಿದ್ದುಬಿಟ್ಟಿತ್ತು. ಆ ಮಾತಿಗೇ ನಾನು ಮನಸೋತಿದ್ದು, ಅದು ಬೇರೆ ವಿಷಯ. ಆದರೆ ನಮ್ಮದು ಲಾಂಡ್ರಿ, ಅಪ್ಪ ಕೈಯಾರೆ ಕಟ್ಟಿ ಬೆಳೆಸಿದ್ದು. ಬಿಸಿ ಬಟ್ಟೆಯ ವಾಸನೆ ಮೂಗಿಗೆ ಬೀಳದಿದ್ದರೆ ನನಗೆ ಬೆಳಗಾದ ಹಾಗೇ ಅನ್ನಿಸುವುದಿಲ್ಲ. ಅದಕ್ಕೇ ನಾನು ಅವರ ಊರಿಗೆ ಹೋಗುವ ಬದಲು ಅವರೇ ಮನೆಅಳಿಯನಾಗಿ ಬಂದರು. "ಪ್ರಯತ್ನಿಸುತ್ತೇನೆ. ಒಗ್ಗದಿದ್ದರೆ ಇಬ್ಬರೂ ಹಿಂತಿರುಗೋಣ" ಎಂದು ಮೊದಲೇ ಹೇಳಿದ್ದರು. ಮುದ್ರಣಾಲಯದಲ್ಲಿ ಅವರ ಕುರ್ಚಿ ಇನ್ನೂ ಖಾಲಿ ಇತ್ತು. ಆ ಕುರ್ಚಿಯ ನೆನಪಾದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬಂದ ಹೊಸದರಲ್ಲಿ ಅಪ್ಪ ಅವರನ್ನು ಕೌಂಟರಿನಲ್ಲಿ ಕೂರಿಸಿದರು. ಮೊದಲ ಗಿರಾಕಿ ಮೂಲೆಮನೆಯ ಡ್ರೈವರ್. ನನ್ನ ಗಂಡ ಎದ್ದು ನಿಂತು, "ನಮಸ್ಕಾರ. ತಮ್ಮ ಉಡುಪುಗಳು ಇನ್ನೂ ಸಿದ್ಧವಾಗಿಲ್ಲ. ವಿಳಂಬಕ್ಕಾಗಿ ವಿಷಾದಿಸುತ್ತೇವೆ" ಎಂದರು. ಕೋರ್ಟಿನಿಂದ ನೋಟಿಸ್ ಬಂದವನಂತೆ ಡ್ರೈವರ್ ಬೆವತುಹೋದ.

"ನಾನೇನು ತಪ್ಪು ಮಾಡ್ದೆ ಯಜಮಾನ್ರೇ?" ಎಂದು ಅಪ್ಪನನ್ನು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದ.

ಅಪ್ಪ ತಲೆ ಕೆರೆದುಕೊಂಡರು. "ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಜನ ಹೆದರ್ಕೊಂಡ್ರೆ ನಮಗೆ ಬಟ್ಟೆ ಯಾರು ಹಾಕ್ತಾರೆ ಹೇಳಿ? ನಮ್ಮ ಬೀದಿ ಮಾತು ಒಂಚೂರು ರೂಢಿ ಮಾಡ್ಕೊಳ್ಳಿ. ಅಲ್ಲೀವರ್ಗೂ ಬಾಯ್ಲರ್ ಕಡೆ ನೋಡ್ಕೊಳ್ಳಿ."

ರೂಢಿ ಮಾಡಿಸುವ ಕೆಲಸ ನನ್ನ ತಮ್ಮನಿಗೆ ಬಿತ್ತು. ಅಪ್ಪನಿಗೆ ಬುದ್ಧಿ ಇದ್ದಿದ್ದರೆ ಬೆಕ್ಕಿನ ಕೈಗೆ ಹಾಲಿನ ಪಾತ್ರೆ ಕೊಡುತ್ತಿದ್ದರು, ಇವನ ಕೈಗೆ ಭಾವನನ್ನು ಕೊಡುತ್ತಿರಲಿಲ್ಲ. ಮೊದಲೇ ಅವನಿಗೆ ಕೌಂಟರಿನ ಮೇಲೆ ಕಣ್ಣು. ಅಲ್ಲಿ ಫ್ಯಾನ್ ಇದೆ, ಕೂತಲ್ಲಿಂದಲೇ ಇಡೀ ಬೀದಿ ಕಾಣುತ್ತದೆ. ಸಖತ್, ಬೊಂಬಾಟ್ ಅಂತ ನಾಲ್ಕು ಮಾತು ಕಲಿಸಿದ್ದರೆ ಆಗುತ್ತಿತ್ತು. ಅವನು ಬಾಯ್ಲರ್ ಪಕ್ಕದಲ್ಲಿ ಭಾವನನ್ನು ಕೂರಿಸಿಕೊಂಡು ಏನೇನೋ ಹೇಳಿಕೊಟ್ಟ. ಹಬೆಯ ಸದ್ದಿನಲ್ಲಿ ನನಗೆ ಒಂದೂ ಕೇಳಿಸಲಿಲ್ಲ. ನಾನು ಈಚೆ ಕಡೆ ಗಿರಾಕಿಗಳ ಬಟ್ಟೆಗೆ ಗುಂಡಿ ಹೊಲಿಯುತ್ತ ಕೂತಿದ್ದೆ.

ನನ್ನ ಗಂಡ ದಿನಾ ಸಂಜೆ ಬೆಂದ ಗೆಣಸಿನ ಹಾಗೆ ಹೊರಗೆ ಬರುತ್ತಿದ್ದರು. ಮಾತು ಕಮ್ಮಿಯಾಗಿತ್ತು. ಒಂದು ದಿನ, "ಮುದ್ರಣಾಲಯದಲ್ಲಿ ಈಗ ಕೆಲಸದ ಒತ್ತಡ ಇರಬಹುದು" ಎಂದು ಗೋಡೆಗೆ ಹೇಳಿದರು. ಮರುದಿನ ಬೆಳಿಗ್ಗೆಯೇ ಅಪ್ಪನ ಬೆನ್ನು ಬಿದ್ದು, ಇನ್ನೊಂದು ಸಲ ಅವರನ್ನು ಕೌಂಟರಿಗೆ ಕೂರಿಸಿದೆ.

ಅವತ್ತು ಬಂದಿದ್ದು ನಮ್ಮ ಬೀದಿ ಶಾಲೆಯ ಹೆಡ್‌ಮಿಸ್. ಪರದೆ ತಡವಾಯಿತೆಂದು ಅಪ್ಪನನ್ನೇ ಹುಡುಗನ ಹಾಗೆ ನಿಲ್ಲಿಸಿ ಬೈದ ಹೆಂಗಸು. ಜೀವಮಾನದಲ್ಲಿ ಒಮ್ಮೆಯೂ "ಗೊತ್ತಿಲ್ಲ" ಎಂದವರಲ್ಲ. ನನ್ನ ಗಂಡ ಎದ್ದು ನಿಂತು, ಮುಖ ತುಂಬ ನಕ್ಕು ಕೇಳಿದರು:

"ಏನ್ ಮೇಡಂ, ಗುಬ್ಬಳಾನಾ?"

ಸೂಜಿ ನನ್ನ ಬೆರಳಿಗೆ ಚುಚ್ಚಿತು. ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡರು. ಅವರ ಕಣ್ಣು ಒಂದು ಕ್ಷಣ ಅತ್ತಿತ್ತ ಓಡಿತು.

"ಹೂಂ. ಗುಬ್ಬಳ. ಏನೋ ನಡೀತಿದೆ. ಪರದೆ ಆಯ್ತಾ?"

"ಪರದೆ ಇನ್ನೂ ಟುಸ್ಕಿ ಮೇಡಂ."

"ಟುಸ್ಕಿನಾ?" ಅವರು ಅಂಗಡಿಯ ಒಳಗೆ ಇಣುಕಿದರು. ಬಾಯ್ಲರಿನಿಂದ ಬುಸ್ಸೆಂದು ಹಬೆ ಬಂತು. "ಹಾಗಿದ್ರೆ ಅವಸರ ಮಾಡ್ಬೇಡಿ. ಚೆನ್ನಾಗಿ ಟುಸ್ಕಿ ಆಗ್ಲಿ. ಆಮೇಲೆ ಬರ್ತೀನಿ."

ಬೈಗುಳವಿಲ್ಲದೆ ಹೊರಟುಹೋದರು! ಅಪ್ಪ ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಿದ್ದರು.

ನಾನು ಒಳಗೆ ನುಗ್ಗಿ ತಮ್ಮನ ಕಿವಿ ಹಿಡಿದೆ. ಅವನು ಬಾಯಿಗೆ ದಿಂಬಿನ ಚೀಲ ತುರುಕಿಕೊಂಡು ನಗುತ್ತಿದ್ದ. "ಬಿಡಕ್ಕಾ, ಬಿಡೇ! ಗುಬ್ಬಳ ಅಂದ್ರೆ ಚೆನ್ನಾಗಿದೀರಾ ಅಂತ. ಟುಸ್ಕಿ ಅಂದ್ರೆ ಇನ್ನೂ ಆಗಿಲ್ಲ ಅಂತ. ಹಾಗಂತ ಭಾವಂಗೆ ಹೇಳಿದೀನಿ. ಎರಡು ದಿನ ತಮಾಷೆ ನೋಡು, ಆಮೇಲೆ ನಾನೇ ಹೇಳ್ತೀನಿ."

ಆ ಸಂಜೆ ನನ್ನ ಗಂಡ, ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ, ಹಾಡು ಗುನುಗಿದರು. "ನಿಮ್ಮ ಬೀದಿಯ ಆಡುಮಾತು ಬಹಳ ಸೊಗಸಾಗಿದೆ" ಎಂದರು. ಆಗಲೇ ನಿಜ ಹೇಳಬೇಕಿತ್ತು ಅನ್ನುತ್ತೀರಾ? ಹಾಡುತ್ತಿರುವ ನಿಮ್ಮ ಗಂಡನಿಗೆ ನೀವು ಹೇಳಿ ನೋಡಿ. ನನ್ನ ಕೈಲಿ ಆಗಲಿಲ್ಲ.

ಹೆಡ್‌ಮಿಸ್ ಬಾಯಿಗೆ ಆ ಮಾತು ಬಿದ್ದ ಮೇಲೆ ಕೇಳಬೇಕೆ? ಲಾಯರ್ ಕೋಪದಲ್ಲಿ ಬಂದರು. "ಹೆಡ್‌ಮಿಸ್ ಪರದೆ ಟುಸ್ಕಿಗೆ ಹಾಕಿದೀರಂತೆ. ನನ್ನ ಕೋಟು ಏನ್ರೀ ಪಾಪ ಮಾಡಿತ್ತು?"

ನನ್ನ ಗಂಡ ಪ್ರಾಮಾಣಿಕವಾಗಿ, "ಕೋಟು ಇನ್ನೂ ಟುಸ್ಕಿಯೇ ಸಾರ್" ಎಂದರು. ಲಾಯರ್ ಮುಖ ಅರಳಿತು. ಬೇಕರಿಯವನು ತನ್ನ ಏಪ್ರನ್ನುಗಳಿಗೆ ಅರ್ಧ ಟುಸ್ಕಿ ಸಾಕು ಎಂದ. ಹಲ್ಲಿನ ಡಾಕ್ಟರು, ಟುಸ್ಕಿಗೆ ಬಣ್ಣ ಬಿಡುತ್ತದೆಯೇ ಎಂದು ವಿಚಾರಿಸಿದರು. ಗೊತ್ತಿಲ್ಲ ಎನ್ನಲು ಅಪ್ಪನಿಗೆ ಮಾತ್ರ ಬಾಯಿ ಬರುತ್ತದೆಯೇ? "ಹತ್ತಿ ಬಟ್ಟೆಗೆ ಟುಸ್ಕಿ ಬಹಳ ಒಳ್ಳೇದು ಡಾಕ್ಟ್ರೇ, ಉಣ್ಣೆಗೆ ಮಾತ್ರ ನೋಡ್ಕೊಂಡು ಮಾಡ್ಬೇಕು" ಎಂದು ಗಂಭೀರವಾಗಿ ಹೇಳಿದರು. ಗಿರಾಕಿಗಳು ಸಾಲುಗಟ್ಟಿದರು. ತಡವಾಯಿತೆಂಬ ಜಗಳ ಹೇಳಹೆಸರಿಲ್ಲದಂತಾಯಿತು.

"ಎಂಥ ಸಹನಾಶೀಲ ಜನ!" ಎಂದು ನನ್ನ ಗಂಡ ಬೆರಗಾದರು. "ನಮ್ಮ ಬಟ್ಟೆ ತಡಮಾಡಿ ಎಂದು ತಾವಾಗಿಯೇ ಬೇಡಿಕೊಳ್ಳುತ್ತಾರೆ."

ತಮ್ಮನ ನಗು ಮಾತ್ರ ಆರಿಹೋಗಿತ್ತು. ಅಪ್ಪ ಅವನನ್ನು ಬಾಯ್ಲರಿಗೆ ಅಟ್ಟಿದ್ದರು. "ಕಲಿಸಿದ್ದು ನೀನೇ ತಾನೆ? ಹೋಗು, ನೀನೇ ಟುಸ್ಕಿ ಮಾಡು." ಅದೇನೆಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಅವನು ಒಳಗೆ ಬೇಯುತ್ತಿದ್ದ, ಅವನ ಭಾವ ಫ್ಯಾನಿನ ಕೆಳಗೆ ಬೀದಿ ನೋಡುತ್ತ ಕೂತಿದ್ದರು. ನನಗೆ ಹೊಟ್ಟೆ ತಣ್ಣಗಾಗಿತ್ತು.

ಅಂಗಡಿ ಗಿಜಿಗುಡುತ್ತಿದ್ದ ಒಂದು ಬೆಳಿಗ್ಗೆ ಅವನು ಬೆವರು ಸುರಿಸುತ್ತ ಈಚೆ ಬಂದು ಕೌಂಟರ್ ಗುದ್ದಿದ.

"ಸಾಕು ನಿಲ್ಸಿ! ಟುಸ್ಕಿ ಅಂತ ಏನೂ ಇಲ್ಲ! ಗುಬ್ಬಳಾನೂ ಇಲ್ಲ! ಭಾವನ್ನ ಮಂಗ ಮಾಡೋಕೆ ಎರಡನ್ನೂ ನಾನೇ ಹುಟ್ಟಿಸಿದ್ದು!"

ನನ್ನ ಗಂಡನ ಮುಖ ಗಂಜಿ ಹಾಕಿದ ಬಟ್ಟೆಯಷ್ಟು ಬಿಳುಪಾಯಿತು. ಅವರು ಮೆಲ್ಲಗೆ, ಕೌಂಟರಿಗೆಂದು ಕಟ್ಟಿಕೊಂಡಿದ್ದ ಏಪ್ರನ್ನಿನ ಗಂಟು ಬಿಚ್ಚತೊಡಗಿದರು. ಮುಗಿಯಿತು, ನಾಳೆಯೇ ಗಂಟುಮೂಟೆ ಕಟ್ಟಬೇಕು ಎಂದುಕೊಂಡೆ. ತಮ್ಮನನ್ನು ಹಿಡಿದು ಬಾಯ್ಲರಿನೊಳಗೇ ಹಾಕಬೇಕು ಅನ್ನಿಸಿತು.

ಅವರು ಗಿರಾಕಿಗಳಿಗೆ ಕೈಮುಗಿದರು. "ಕ್ಷಮಿಸಿ. ತಾವೆಲ್ಲ ದೊಡ್ಡ ಮನಸ್ಸಿನಿಂದ ನನ್ನ ಅಜ್ಞಾನವನ್ನು ಸಹಿಸಿಕೊಂಡಿರಿ. ತಮಗೆ ಒಂದು ಪದವೂ ಅರ್ಥವಾಗಿರಲಿಕ್ಕಿಲ್ಲ."

ಆ ಕೊನೆಯ ಮಾತು ಹೆಡ್‌ಮಿಸ್‌ಗೆ ಚುರುಕ್ ಎಂದು ನಾಟಿತು.

"ಯಾರಿಗ್ರೀ ಅರ್ಥ ಆಗಿರ್ಲಿಲ್ಲ? ಗುಬ್ಬಳ ಅನ್ನೋದನ್ನ ನಮ್ಮಜ್ಜಿ ಬಾಯಲ್ಲಿ ಕೇಳ್ಕೊಂಡೇ ಬೆಳೆದೋಳು ನಾನು."

"ಟುಸ್ಕಿ ಅಂತೂ ಬಹಳ ಹಳೇ ಮಾತು" ಎಂದರು ಲಾಯರ್, ಯಾರ ಮುಖವನ್ನೂ ನೋಡದೆ.

"ನಮ್ಮಪ್ಪ ಟುಸ್ಕಿ ಆಗ್ದೇ ಇರೋ ಏಪ್ರನ್ ಕಟ್ತಾನೇ ಇರ್ಲಿಲ್ಲ" ಎಂದ ಬೇಕರಿಯವನು.

"ಅಯ್ಯೋ, ನಾನೇ ಹುಟ್ಟಿಸಿದ್ದು ಅಂದ್ರೆ!" ತಮ್ಮ ಅಳುವುದೊಂದು ಬಾಕಿ.

"ನೀನು ಹುಟ್ಟಿದ್ದೇ ಮೊನ್ನೆ ಕಣೋ" ಎಂದರು ಹೆಡ್‌ಮಿಸ್.

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಮಗನನ್ನು ನೋಡಿದರು, ಅಳಿಯನನ್ನು ನೋಡಿದರು, ಬಾಗಿಲಾಚೆಗೂ ನಿಂತಿದ್ದ ಗಿರಾಕಿಗಳನ್ನು ನೋಡಿದರು.

"ಹುಟ್ಟಿ ಬೆಳೆದ ಬೀದಿ ಮಾತೇ ಬರಲ್ಲ ಇವನಿಗೆ" ಎಂದರು ಬೇಸರದಿಂದ. "ಇಂಥವನನ್ನ ನಾಲ್ಕು ಜನರ ಮುಂದೆ ಹೇಗೆ ಕೂರಿಸೋದು? ನಡಿಯೋ ಒಳಗೆ. ಅಳಿಯಂದ್ರೇ, ನೀವು ಕೂತ್ಕೊಳ್ಳಿ. ಇನ್ಮೇಲೆ ಕೌಂಟರ್ ನಿಮ್ಮದೇ."

ನನ್ನ ಗಂಡ ಕೂರಲಿಲ್ಲ. ಏಪ್ರನ್ನಿನ ದಾರ ಕೈಯಲ್ಲೇ ಇತ್ತು. ಅಷ್ಟು ಜನರ ಮುಂದೆ "ಹೋಗಬೇಡಿ" ಎನ್ನಲು ನನಗೆ ಬಾಯಿ ಬರಲಿಲ್ಲ.

"ರೀ" ಎಂದೆ. ಅಷ್ಟೇ.

ಅವರು ನನ್ನನ್ನು ನೋಡಿದರು. ತಪ್ಪೊಂದು ಕಣ್ಣಿಗೆ ಬಿದ್ದರೆ ತಿದ್ದದೆ ಊಟಕ್ಕೂ ಏಳದ ಮನುಷ್ಯ. ಈಗ ಕಣ್ಣೆದುರಿಗೆ ಇಡೀ ಬೀದಿಯೇ ತಪ್ಪು. ಅವರು ಗಂಟಲು ಸರಿಮಾಡಿಕೊಂಡು, ಏಪ್ರನ್ನಿನ ದಾರವನ್ನು ಬಿಗಿಯಾಗಿ ಮತ್ತೆ ಕಟ್ಟಿಕೊಂಡು, ಲಾಯರ್ ಕಡೆ ತಿರುಗಿದರು.

"ಸಾರ್, ಕೋಟು ಇನ್ನೂ ಟುಸ್ಕಿ" ಎಂದರು.

"ಆಗ್ಲಿ ಬಿಡಿ, ನಿಧಾನಕ್ಕೆ ಆಗ್ಲಿ" ಎಂದರು ಲಾಯರ್. ನಾನು ತೋಳಿನಲ್ಲೇ ಕಣ್ಣು ಒರೆಸಿಕೊಂಡು, ಕೋಟಿಗೆ ಗುಂಡಿ ಹೊಲಿಯಲು ಕೂತೆ.