ನೀರಿನ ಗೆರೆಯ ತನಕ ಬಣ್ಣ

ದೋಣಿ ಕೆಸರಿನಲ್ಲಿ ಮಗ್ಗುಲಾಗಿ ಬಿದ್ದಿತ್ತು. ಸಮುದ್ರ ಒಳಗೆ ನುಗ್ಗಿ ಬರುವ ಗೊರಾಯಿ ಖಾಡಿಯ ನೀರೆಲ್ಲ ಎಲ್ಲಿಗೆ ಹೋಯಿತೆಂದು ಗುರುಬಸವನಿಗೆ ತಿಳಿಯಲಿಲ್ಲ. ಮೊಬೈಲಿಗೆ ಬಂದ ಫೋಟೋದಲ್ಲಿ ಇದೇ ದೋಣಿ ತುಂಬಿದ ನೀರಿನ ಮೇಲೆ ಬಿಳಿ ಹಾಯಿ ಬಿಚ್ಚಿಕೊಂಡು ನಿಂತಿತ್ತು. ಪರೇಲಿನ ಆಫೀಸಿನಲ್ಲಿ ಸಾಹೇಬರಿಂದ ಹಿಡಿದು ಚಹಾದವನ ತನಕ ಎಲ್ಲರಿಗೂ ಅವನು ಆ ಫೋಟೋ ತೋರಿಸಿ ಆಗಿತ್ತು. ಬರುವ ಭಾನುವಾರ ಹೆಂಡತಿ, ಮಗಳನ್ನು ಕೂಡಿಸಿಕೊಂಡು ಸಮುದ್ರಕ್ಕೆ ಹೋಗುವುದಾಗಿಯೂ ಹೇಳಿ ಬಂದಿದ್ದ.

"ಇವತ್ತು ಅಮಾಸೆ ಅಲ್ವಾ ಮಾರಾಯ್ರೆ," ಎಂದ ದೂಜ ಪೂಜಾರಿ. "ಅಮಾಸೆಯ ಸಂಜೆ ನೀರು ಪೂರಾ ಇಳೀತದೆ. ಮಧ್ಯಾಹ್ನ ಬನ್ನಿ ಅಂತ ನಾನು ಹೇಳಿದ್ದು ಅದಕ್ಕೇ."

ದೂಜ ಸಾಂತಾಕ್ರೂಜಿನಲ್ಲಿ ಹೋಟೆಲು ಇಟ್ಟವನು. ಮಕ್ಕಳ ಹಟಕ್ಕೆ ದೋಣಿ ಕೊಂಡು, ಮಕ್ಕಳಿಗೆ ಬೇಸರ ಬಂದ ಮೇಲೆ ಮಾರಲಿಟ್ಟಿದ್ದ. ತಾನು ಮೀಸೆ ಬಂದ ಮೇಲೆ ಒಮ್ಮೆಯೂ ಸಮುದ್ರಕ್ಕೆ ಇಳಿದವನಲ್ಲ. ಆದರೂ ಉಡುಪಿ ಕಡೆಯವನೆಂಬ ಒಂದೇ ಬಲದ ಮೇಲೆ, ಬಯಲುಸೀಮೆಯ ಗಿರಾಕಿಯ ಎದುರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಡಲಿನ ಮಾಲಕನ ಹಾಗೆ ನಿಂತಿದ್ದ.

ಅಮಾವಾಸ್ಯೆಯ ಷರತ್ತು ಹೆಂಡತಿ ವಿನೋದಿನಿಯದು. ಬಿಜಾಪುರದ ಅವಳ ತವರಿನಲ್ಲಿ ಸೈಕಲ್ಲಿನಿಂದ ಟ್ರ್ಯಾಕ್ಟರಿನ ತನಕ ಏನೇ ಕೊಂಡರೂ ಅಮಾವಾಸ್ಯೆಯ ದಿನ, ಗೋಧೂಳಿಯ ಹೊತ್ತಿಗೆ ಪೂಜೆ ಮಾಡಿ, ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ತರುತ್ತಿದ್ದರು. ಗಂಡನ ಹಳೇ ಸಾಮಾನಿನ ಹುಚ್ಚಿಗೆ ಅವಳು ಎಂದೂ ಅಡ್ಡ ಬಂದವಳಲ್ಲ. ಬೊರಿವಲಿಯ ಒಂದೇ ಬೆಡ್‌ರೂಮಿನ ಮನೆಯಲ್ಲಿ ಅವನು ತಂದ ಟ್ರೆಡ್‌ಮಿಲ್ಲಿನ ಮೇಲೆ ಹಪ್ಪಳ ಒಣಗುತ್ತಿದ್ದವು. ದೂರದರ್ಶಕದಿಂದ ಎದುರಿನ ಬಿಲ್ಡಿಂಗಿನ ನೀರಿನ ಟಾಕಿ ಬಿಟ್ಟು ಬೇರೇನೂ ಕಾಣದೆ, ಅದರ ಮೂರು ಕಾಲಿಗೆ ಅವಳು ಒಗೆದ ಕರವಸ್ತ್ರ ಹರವುತ್ತಿದ್ದಳು. ಯಾವುದನ್ನೂ ಅವನು ಒಂದು ತಿಂಗಳಿಗಿಂತ ಹೆಚ್ಚು ಮುಟ್ಟಿರಲಿಲ್ಲ. ಎಲ್ಲವನ್ನೂ ಕೊಂಡದ್ದು ಮಾತ್ರ ಮಂದಿಗೆ ಗೊತ್ತಿತ್ತು.

ಅವನ್ನೆಲ್ಲ ಅವಳು ಸಹಿಸಿದ್ದಳು. ದೋಣಿಯ ಮಾತು ಬೇರೆ. ಅದರಲ್ಲಿ ಮೂವರೂ ಕೂಡಬೇಕು. ಮೂವರಿಗೂ ಈಜು ಬಾರದು. ಇದು ನಮ್ಮನ್ನು ಮುಳುಗಿಸದೆ ದಂಡೆಗೆ ತಂದು ಬಿಟ್ಟೀತೇ ಎಂದು ಗಂಡ ಒಂದೇ ಒಂದು ಸಲ ಕೇಳಿದರೆ ಸಾಕು, ಕಣ್ಣು ಮುಚ್ಚಿ ಹತ್ತುತ್ತೇನೆ ಎಂದು ಅವಳು ದೇವರ ಮುಂದೆ ಕೂತಾಗಲೇ ಅಂದುಕೊಂಡಿದ್ದಳು. ಆ ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೇ ಇಲ್ಲಿಯ ತನಕ ಬಂದಿದ್ದಳು.

ಚೀಲದಿಂದ ಕುಂಕುಮದ ಡಬ್ಬಿ, ಊದಿನಕಡ್ಡಿ, ಕಾಯಿ ತೆಗೆದಳು. ಕೊನೆಗೆ ನಾಲ್ಕು ಲಿಂಬೆಹಣ್ಣು. ತೆಗೆದ ಮೇಲೆ ದೋಣಿಯನ್ನು ಒಮ್ಮೆ ನೋಡಿದಳು, ಕೈಯಲ್ಲಿದ್ದ ಹಣ್ಣುಗಳನ್ನು ಒಮ್ಮೆ ನೋಡಿದಳು.

ದೂಜ ಬಾಯಿ ತೆರೆದು ನಕ್ಕ. "ಎಂತ ಅಮ್ಮ ಇದು, ಗಾಲಿ ಎಲ್ಲಿ ಉಂಟು ಇದಕ್ಕೆ? ಈ ಘಟ್ಟದ ಮೇಲಿನವರದ್ದು ಒಂದು ಕತೆ. ಶರಬತ್ ಮಾಡಿ ಕೊಡಿ, ಕುಡಿಯುವ."

ಅವನಿಗಿಂತ ಜೋರಾಗಿ ನಕ್ಕವನು ಗುರುಬಸವ. "ನಮ್ಮಾಕೀಗೆ ಇದೆಲ್ಲಾ ತಿಳಿಯೂದಿಲ್ರಿ," ಎಂದು ದೂಜನ ಪಕ್ಕಕ್ಕೆ ಸರಿದು ನಿಂತ. ಅತ್ತೆಯ ಮನೆಯ ಟ್ರ್ಯಾಕ್ಟರಿನ ಪೂಜೆಯ ದಿನ ಲಿಂಬೆಹಣ್ಣಿಗಾಗಿ ತಾನೇ ಬಜಾರಿಗೆ ಓಡಿದ್ದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ.

ಆಮೇಲೆ ಅವನು ದೋಣಿ ನೋಡತೊಡಗಿದ. ಯೂಟ್ಯೂಬಿನಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸುತ್ತ ಹಾಯಿ ಕಟ್ಟುವ ಕೂವೆಕಂಬ ತಟ್ಟಿದ, ಹಗ್ಗ ಜಗ್ಗಿದ, ಹಾಯಿಯ ಬಟ್ಟೆಯನ್ನು ಪಂಚೆಯ ಅಂಗಡಿಯಲ್ಲಿ ಕೂತವನ ಹಾಗೆ ಬೆರಳಲ್ಲಿ ಹೊಸಕಿದ. ದೂಜ ಎಲ್ಲದಕ್ಕೂ ತಲೆಯಾಡಿಸಿದ. ಇಬ್ಬರಲ್ಲಿ ಯಾರಿಗೂ ಏನೂ ಗೊತ್ತಿಲ್ಲವೆಂಬುದು ಅವರಿಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಕಾಣುತ್ತಿತ್ತು. ಮಗಳು ಯಕ್ಷಿತಾ ಕಲ್ಲಿನ ಮೇಲೆ ಕೂತು ಮೊಬೈಲು ತೀಡುತ್ತಿದ್ದಳು.

ವಿನೋದಿನಿ ಸುತ್ತು ಹಾಕಿ ಆಚೆ ಬದಿಗೆ ಹೋದಳು. ದೋಣಿಗೆ ಹೊಸ ಬಣ್ಣ ಬಳಿದಿದ್ದರು, ಮೇಲೆ ಬಿಳಿ, ಕೆಳಗೆ ನೀಲಿಯ ಪಟ್ಟೆ. ನೀರು ಬಂದು ನಿಲ್ಲುವ ಗೆರೆಯ ತನಕ ಮಾತ್ರ. ಅದರ ಕೆಳಗೆ ಹೊಟ್ಟೆ ಕಪ್ಪಾಗಿ ಚಿಪ್ಪು ಹತ್ತಿ ಕಜ್ಜಿಯಾದಂತಿತ್ತು. ಒಂದು ಕಡೆ ತಗಡಿನ ತುಂಡು ಇಟ್ಟು ಡಾಂಬರು ಮೆತ್ತಿದ್ದರು. ಆ ತಗಡಿನ ಅಂಚಿನಿಂದ ನೀರು ದಾರದಷ್ಟು ಸಣ್ಣಗೆ, ನಿಲ್ಲದೆ ಹೊರಗೆ ಸೋರುತ್ತಿತ್ತು. ತುಂಬಿದ ನೀರಿನಲ್ಲಿ ಒಳಗೆ ಹೊಕ್ಕದ್ದು, ನೀರು ಇಳಿದ ಮೇಲೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತಿತ್ತು.

"ರೀ," ಎಂದಳು. "ಇಲ್ಲೆ ಬರ್ರಿ."

ಗುರುಬಸವ ಬಂದ, ನೋಡಿದ. ಸೋರುವ ನೀರನ್ನೂ ನೋಡಿದ. ಗಂಟಲು ಸರಿಮಾಡಿಕೊಂಡು, ಇಲ್ಲಿ ಬಣ್ಣ ಯಾಕೆ ಬಿಟ್ಟಿದ್ದೀರಿ ಎಂದು ದೂಜನನ್ನು ಕೇಳಿದ.

"ಅದು ನೀರಿನೊಳಗೆ ಇರುವುದು ಅಲ್ವಾ," ಎಂದ ದೂಜ. "ಯಾರು ನೋಡ್ತಾರೆ?"

ಗುರುಬಸವ ಬೆರಳ ತುದಿಯಿಂದ ತಗಡು ಮುಟ್ಟಿ, ಹತ್ತಿದ ಡಾಂಬರನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಅಷ್ಟು ಹೊತ್ತೂ ವಿನೋದಿನಿ ಅವನ ಮುಖವನ್ನೇ ನೋಡುತ್ತ ನಿಂತಳು.

"ಖರೇ ಐತ್ರಿ," ಎಂದ. ಸೋರುವ ಕಡೆಗೆ ಬೆನ್ನು ಮಾಡಿ ನಿಂತು, ಹಗ್ಗಗಳು ಇದೇ ರೇಟಿನಲ್ಲಿ ಬರುತ್ತವೆಯೋ ಬೇರೆ ಕೊಡಬೇಕೋ ಎಂದು ವಿಚಾರಿಸಿದ. ಇದೇ ರೇಟಿನಲ್ಲಿ ಬರುತ್ತವೆ ಎಂದು ತಿಳಿದು ಗೆದ್ದವನ ಹಾಗೆ ಹೆಂಡತಿಯ ಕಡೆ ತಿರುಗಿ, ಹೊತ್ತು ಮೀರುತ್ತದೆ, ಕಾಯಿ ಒಡಿ ಎಂದ.

ಅವಳು ಮೆಲ್ಲಗೆ ಹೇಳಿದಳು: "ಇದು ನಮ್ಮ ಮೂರೂ ಮಂದೀನ ದಂಡಿಗೆ ತಂದು ಬಿಡತೈತೇನು, ಅದೊಂದು ಕೇಳ್ರಿ ಅವರ್ನ."

ಗುರುಬಸವ ದೂಜನತ್ತ ಕಳ್ಳನೋಟ ಬೀರಿ ದನಿ ತಗ್ಗಿಸಿದ. "ಹಂಗೆಲ್ಲಾ ಕೇಳಿದ್ರ ನಮಗೇನೂ ತಿಳಿಯೂದಿಲ್ಲ ಅಂತ ತಿಳ್ಕೋತಾರ."

ವಿನೋದಿನಿ ಕಾಯಿ, ಕುಂಕುಮ, ಲಿಂಬೆಹಣ್ಣು ಎಲ್ಲವನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಗುರುಬಸವ ಅದನ್ನು ಕಂಡೂ ಕಾಣದವನಂತೆ ದೂಜನ ಕೈಗೆ ಮುಂಗಡ ಕೊಟ್ಟ. ದೂಜ ಎಣಿಸದೆ ಜೇಬಿಗಿಳಿಸಿ, ಹೋಟೆಲಿನಲ್ಲಿ ಸಂಜೆಯ ಗಿರಾಕಿಗಳು ಕಾಯುತ್ತಾರೆಂದು ಅವಸರದಲ್ಲಿ ಸ್ಕೂಟರು ಏರಿದ. ಹೊರಡುವ ಮುಂಚೆ, ಒಳ್ಳೆಯ ಕುಟುಂಬಕ್ಕೆ ಸೇರಿತು ಎಂದು ಸಮಾಧಾನವಾಯಿತು ಅಂದ.

ಗುರುಬಸವ ಬೂಟು ಬಿಚ್ಚದೆ ಕೆಸರು ತುಳಿದು ದೋಣಿ ಹತ್ತಿದ. ಚುಕ್ಕಾಣಿ ಹಿಡಿದು ಕೂತು ಮಗಳಿಗೆ ಫೋಟೋ ತೆಗೆಯಲು ಹೇಳಿದ. ಯಕ್ಷಿತಾ ತೆಗೆದಳು, ಕೆಳಗಿನ ಅರ್ಧ ಕತ್ತರಿಸಿದಳು, ಕಳಿಸಿದಳು. ಇಬ್ಬರೂ ಬಂದು ಕೂಡಿರಿ, ಒಂದು ಫ್ಯಾಮಿಲಿ ಫೋಟೋ ಆಗಲಿ ಎಂದು ಅವನು ಕೂಗಿದ.

"ನಾ ಇದನ್ನ ಹತ್ತೂದಿಲ್ರಿ," ಎಂದಳು ವಿನೋದಿನಿ. "ಇವತ್ತೂ ಇಲ್ಲ, ಐತವಾರನೂ ಇಲ್ಲ. ಅಕೀನೂ ಹತ್ತೂದಿಲ್ಲ."

ಮದುವೆಯಾದಂದಿನಿಂದ ಅವನ ಯಾವ ಖರೀದಿಗೂ ಅವಳು ಆಡದ ಮಾತು ಅದು. ಮಗಳ ತೋಳು ಹಿಡಿದು, ಖಾಡಿಯ ನಡುವಿನ ಆಳದಲ್ಲಿ ಉಳಿದ ನೀರಿನಲ್ಲಿ ಓಡುವ ಫೆರಿಯ ಧಕ್ಕೆಯ ಕಡೆ ನಡೆದಳು. ಅವನು ಹಿಂದಿನಿಂದ ಏನೋ ಹೇಳುತ್ತಿದ್ದ. ಗಾಳಿಗೆ ಕೇಳಿಸಲಿಲ್ಲ.

ಫೆರಿ ಬಿಟ್ಟ ಮೇಲೆ ಯಕ್ಷಿತಾ ಕನ್ನಡದ ಒಂದೊಂದೇ ಪದ ಹುಡುಕುತ್ತ ಕೇಳಿದಳು. "ಮಮ್ಮಿ, ಪಪ್ಪಾ... ಬರಾಂಗಿಲ್ಲ?"

"ಬರ್ತಾರ," ಎಂದಳು ವಿನೋದಿನಿ. "ನೀರು ಬರೂತನಕಾ ಕೂಡ್ತಾರ. ಬಂತಂದ್ರ ಇಳೀತಾರ."

ದಂಡೆಯ ಮೇಲೆ ದೀಪಗಳು ಹತ್ತತೊಡಗಿದ್ದವು. ಕೆಸರಿನಲ್ಲಿ ದೋಣಿ ಎಡಕ್ಕೆ ವಾಲಿತ್ತು, ಕೂವೆಕಂಬವೂ ಎಡಕ್ಕೆ ವಾಲಿತ್ತು. ಗುರುಬಸವ ಚುಕ್ಕಾಣಿ ಬಿಡದೆ, ನೆಟ್ಟಗೆ ಕಾಣಬೇಕೆಂದು ಮೈಯನ್ನೆಲ್ಲ ಬಲಕ್ಕೆ ಬಗ್ಗಿಸಿಕೊಂಡು ಕೂತಿದ್ದ.